ಮಾಡು ಹತ್ತಿದವನ ಹಗ್ಗ

ನನ್ನ ಬರೆಯುವ ಮೇಜಿನ ಮೇಲೆ ತುಕ್ಕು ಹಿಡಿದ ಒಂದು ಸ್ಕ್ರೂ ಇದೆ. ಒಂದಿಂಚು ಉದ್ದ, ಆರು ಮೂಲೆಯ ತಲೆ. ತಲೆಯ ಕೆಳಗಿನ ರಬ್ಬರ್ ವಾಷರ್ ಒಂದು ಬದಿಯಲ್ಲಿ ಹಪ್ಪಳದಷ್ಟು ತೆಳುವಾಗಿ ಅಪ್ಪಚ್ಚಿಯಾಗಿದೆ. ಇನ್ನೊಂದು ಬದಿ ತಗಡನ್ನು ಮುಟ್ಟಿಯೇ ಇಲ್ಲ. ಅಲ್ಲಿ ಹೊಸದರ ಕಪ್ಪು ಹೊಳಪು ಇನ್ನೂ ಉಳಿದಿದೆ. ಓರೆಯಾಗಿ ಹೊಡೆದ ಸ್ಕ್ರೂ. ಅದನ್ನು ಹೊಡೆಯಲು ಮೂರು ಸೆಕೆಂಡು ಹಿಡಿದಿದ್ದೀತು. ಆ ಮೂರು ಸೆಕೆಂಡಿನ ಲೆಕ್ಕವನ್ನು ನಾವು ಏಳು ಮಳೆಗಾಲ ತೀರಿಸಿದೆವು. ನಮ್ಮ ಮಾಡಿನ, ಅಂದರೆ ಚಾವಣಿಯ, ಹಳೆಯ ಶೀಟುಗಳನ್ನು ಇಳಿಸಿದ ದಿನ, ಅಂಗಳದಲ್ಲಿ ರಾಶಿ ಬಿದ್ದಿದ್ದ ಗುಜರಿಯಿಂದ ಅದೊಂದನ್ನು ಹೆಕ್ಕಿ ಇಟ್ಟುಕೊಂಡೆ.

ನಮ್ಮ ಮನೆ ಇರುವುದು ಉಡುಪಿಯ ಕೊಡವೂರಿನಲ್ಲಿ. ಮಲ್ಪೆಯ ಕಡಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಆಟಿಯ, ಅಂದರೆ ನಡು ಮಳೆಗಾಲದ ತುಳು ತಿಂಗಳ, ರಾತ್ರಿಗಳಲ್ಲಿ ಅದರ ಮೊರೆತ ಕೇಳುತ್ತದೆ. ಅದರ ಉಪ್ಪು ನಮ್ಮ ಕಿಟಕಿಯ ಸರಳುಗಳಲ್ಲಿ, ಗೇಟಿನ ಕೀಲುಗಳಲ್ಲಿ ವರ್ಷವಿಡೀ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ನೆಲ ಅಂತಸ್ತು, ಅದರ ಮೇಲೊಂದು ತಾರಸಿ, ಇಷ್ಟೇ ಮನೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಊರಿನಲ್ಲಿ ಸಪಾಟಾದ ತಾರಸಿ ಎಷ್ಟು ಕಾಲ ತಡೆದೀತು? ಹದಿನೈದನೆಯ ವರ್ಷಕ್ಕೆ ಮಲಗುವ ಕೋಣೆಯ ಮೂಲೆಯಲ್ಲಿ ನಕ್ಷೆಯಂಥ ಕಲೆ ಮೂಡಿತು. ಇಪ್ಪತ್ತನೆಯ ವರ್ಷಕ್ಕೆ ಕಾಂಕ್ರೀಟಿನ ಒಳಗಿನ ಕಬ್ಬಿಣ ಉಬ್ಬಿ ಗಾರೆ ಕಳಚಿತು. ಬಳಿದ ಬಣ್ಣ, ಹಾಕಿದ ರಾಸಾಯನಿಕ ಯಾವುದೂ ಎರಡು ಮಳೆಗಾಲ ದಾಟಲಿಲ್ಲ. ಕೊನೆಗೆ ನಮ್ಮ ಬೀದಿಯ ಉಳಿದವರಂತೆ ನಾವೂ ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹಾಕಿಸಿದೆವು. ಈಗ ಮಂಗಳೂರಿನಿಂದ ಕುಂದಾಪುರದವರೆಗೆ ಬಸ್ಸಿನಲ್ಲಿ ಹೋದರೆ ರಸ್ತೆಯುದ್ದಕ್ಕೂ ಇದೇ ನೋಟ: ಮನೆಯ ಮೇಲೊಂದು ಮನೆಯಷ್ಟೇ ದೊಡ್ಡ ತಗಡಿನ ಕೊಡೆ.

ನನ್ನ ಅಜ್ಜಿಯ ಮನೆಯ ಮಾಡು ಮುಳಿಹುಲ್ಲಿನದು. ತಾಯಿಯ ಕಾಲಕ್ಕೆ ಹೆಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿ ತನ್ನ ತಲೆಯ ಮೇಲೆ ಹೊತ್ತದ್ದು ನೇತ್ರಾವತಿ, ಗುರುಪುರ ನದಿಗಳ ಆವೆಮಣ್ಣನ್ನೇ. ಒಂದೊಂದು ಹೆಂಚು ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಹೆಂಚಿನ ಮಾಡಿನ ಬಡಗಿಗೆ ಇದ್ದ ಮುಖ್ಯ ಚಿಂತೆ ಆ ಭಾರವನ್ನು ಹೊರುವುದು: ತೊಲೆ ಬಾಗಬಾರದು, ಪಕ್ಕಾಸು ಕೊಳೆಯಬಾರದು, ರೀಪು ಮುರಿಯಬಾರದು. ಗಾಳಿಯನ್ನು ಹೆಂಚಿನ ತೂಕವೇ ನೋಡಿಕೊಳ್ಳುತ್ತಿತ್ತು. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಹಾಗಲ್ಲ. ಒಂದು ಚದರ ಮೀಟರಿಗೆ ಅದರ ತೂಕ ಹೆಚ್ಚುಕಡಿಮೆ ನಾಲ್ಕೂವರೆ ಕಿಲೋ, ಅಂದರೆ ಎರಡು ಹೆಂಚಿನಷ್ಟು. ಅದನ್ನು ಹೊರುವುದು ಕಷ್ಟವೇ ಅಲ್ಲ. ಹಾರಿಹೋಗದಂತೆ ಹಿಡಿದಿಡುವುದೇ ಕಷ್ಟ. ಈ ವ್ಯತ್ಯಾಸ ತಲೆಗೆ ಹತ್ತದೆ, ಹೆಂಚಿನ ಕಾಲದ ಮನಸ್ಸಿನಲ್ಲೇ ನಾವು ಶೀಟು ಹಾಕಿಸುತ್ತಿದ್ದೇವೆ. ಕೆಳಗಿನ ಕಂಬ ದಪ್ಪವಾಗಿದೆಯೇ ಎಂದು ಬಡಿದು ನೋಡುತ್ತೇವೆ. ಆ ಕಂಬವನ್ನು ತಾರಸಿಗೆ ಕಚ್ಚಿಸಿದ ಬೋಲ್ಟು ಎಷ್ಟು ಆಳಕ್ಕೆ ಹೋಗಿದೆ ಎಂದು ಕೇಳುವುದಿಲ್ಲ.

2017ರಲ್ಲಿ ನಾನೂ ಕೇಳಿರಲಿಲ್ಲ.

ಆ ಮೊದಲ ಮಾಡಿನ ಕೆಲಸ ಆರಂಭವಾದದ್ದೇ ಮೇ ತಿಂಗಳ ಮೂರನೆಯ ವಾರ. ಪತ್ತನಾಜೆ ಹತ್ತಿರ ಬಂದಿತ್ತು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಹೆಚ್ಚಾಗಿ ಮೇ 24 ಇಲ್ಲವೇ 25. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ, ಊರು ಮಳೆಗೆ ಅಣಿಯಾಗುತ್ತದೆ. ಮಾಡಿನ ಕೆಲಸವೂ ಅದಕ್ಕೆ ಮೊದಲೇ ಮುಗಿದಿರಬೇಕೆಂಬುದು ಹಿರಿಯರ ವಾಡಿಕೆ. ನಾವು ರಜೆಗೆಂದು, ಹಣಕ್ಕೆಂದು ಕಾದು ಕಾದು ತಡಮಾಡಿದ್ದೆವು. ಗುತ್ತಿಗೆ ಹಿಡಿದವರಿಗೆ ಅದೇ ವಾರ ಇನ್ನೂ ನಾಲ್ಕು ಕಡೆ ಕೆಲಸವಿತ್ತು. ಸಂಜೆಯಾದರೆ ಪೂರ್ವದಲ್ಲಿ ಗುಡುಗು. ಅಂಥ ಹೊತ್ತಿನಲ್ಲಿ ಮಾಡಿನ ಮೇಲಿದ್ದವರು ಸ್ಕ್ರೂವನ್ನು ನೇರವಾಗಿ ಹಿಡಿಯುತ್ತಾರೆಯೇ?

ಕೆಲಸಕ್ಕೆ ಬಂದ ನಾಲ್ವರಲ್ಲಿ ಒಬ್ಬ ಉತ್ತರ ಕರ್ನಾಟಕದ ಹುಡುಗ, ಇಪ್ಪತ್ತು ದಾಟಿರಲಿಲ್ಲ. ನನ್ನನ್ನು ‘ಅಕ್ಕಾರೆ’ ಎಂದು ಕರೆಯುತ್ತಿದ್ದ. ಮಧ್ಯಾಹ್ನ ಮಜ್ಜಿಗೆ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಕಾಲಿಗೆ ಹವಾಯಿ ಚಪ್ಪಲಿ. ಮೂರನೆಯ ದಿನ, ಕತ್ತರಿಸಿದ ತುಂಡೊಂದನ್ನು ಹಿಡಿದುಕೊಂಡು ತಾರಸಿಯ ಕೈಪಿಡಿ ಗೋಡೆ ದಾಟಿದವನು, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನಾವು ಬಹಳ ಹಿಂದೆ ಹಾಕಿಸಿದ್ದ ಫೈಬರ್ ಶೀಟಿನ ಮೇಲೆ ಕಾಲಿಟ್ಟ. ಬಿಸಿಲಿಗೆ ಹತ್ತು ವರ್ಷ ಬೆಂದ ಫೈಬರ್ ಶೀಟು ನೋಡುವುದಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಒಳಗೆ ಅದು ಒಣಗಿದ ಎಲೆ. ಒಂಬತ್ತು ಅಡಿ ಕೆಳಗೆ ಬಿದ್ದ. ನಾನು ಓಡಿಹೋದಾಗ ಎಡಗೈಯನ್ನು ಎದೆಗವಚಿಕೊಂಡು ಕುಳಿತಿದ್ದ. ಮಣಿಕಟ್ಟು ಇರಬಾರದ ರೀತಿಯಲ್ಲಿ ಬಾಗಿತ್ತು. ಅವನು ಮೊದಲು ಹೇಳಿದ ಮಾತು, “ಶೀಟು ಒಡೆದುಹೋಯಿತು, ಅಕ್ಕಾರೆ.”

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವನ ಆಸ್ಪತ್ರೆಯ ಖರ್ಚು ಕೊಟ್ಟೆವು, ಎರಡು ತಿಂಗಳ ಕೂಲಿಯನ್ನೂ ಕೊಟ್ಟೆವು. ಅದರಿಂದ ಲೆಕ್ಕ ಸರಿಯಾಯಿತೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಆ ಶೀಟಿನ ಮೇಲೆ ಕಾಲಿಡಬೇಡ ಎಂದು ಹೇಳಬಹುದಾಗಿದ್ದವಳು ನಾನು. ಅದು ನನ್ನ ಮನೆ, ಅದರ ವಯಸ್ಸು ನನಗೆ ಗೊತ್ತಿತ್ತು. ಒಂದು ಹಲಗೆ ಅಡ್ಡ ಇಟ್ಟಿದ್ದರೆ ಸಾಕಿತ್ತು. ಅವನು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಲೂ ಇಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ ರಾಜ್ಯದಲ್ಲಿ ಕಲ್ಯಾಣ ಮಂಡಳಿಯಿದೆ, ನೋಂದಾಯಿತ ಕಾರ್ಮಿಕರಿಗೆ ಅಪಘಾತದ ಪರಿಹಾರ ಸಿಗುತ್ತದೆ ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ.

ಉಳಿದ ಮೂವರು ಎರಡು ದಿನದಲ್ಲಿ ಕೆಲಸ ಮುಗಿಸಿ ಹೋದರು. ಅವರ ಕೈ ನಡುಗುತ್ತಿತ್ತೇನೋ. ನನ್ನ ಮೇಜಿನ ಮೇಲಿರುವ ಸ್ಕ್ರೂ ಆ ಎರಡು ದಿನಗಳದ್ದು.

ಮೊದಲ ಮಳೆಗಾಲದಲ್ಲೇ ಏಳೆಂಟು ಕಡೆ ತೊಟ್ಟಿಕ್ಕಿತು. ಬಂದು ಸಿಲಿಕೋನ್ ಮೆತ್ತಿ ಹೋದರು. ಮರುವರ್ಷ ಮೆತ್ತಿದಲ್ಲೇ ತುಕ್ಕು ಕಾಣಿಸಿತು. 2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಅರಬ್ಬೀ ಸಮುದ್ರದಲ್ಲಿ ಹಾದು ಗುಜರಾತಿನತ್ತ ಹೋಯಿತಲ್ಲ, ಆ ರಾತ್ರಿ ಇಡೀ ಮಾಡು ಉಸಿರಾಡುತ್ತಿತ್ತು. ಬೇರೆ ಮಾತು ನನಗೆ ಹೊಳೆಯುತ್ತಿಲ್ಲ. ಶೀಟುಗಳು ಉಬ್ಬಿ ಮೇಲೇಳುವುದು, ಮತ್ತೆ ಪೈಪಿನ ಮೇಲೆ ಬಡಿಯುವುದು, ಮತ್ತೆ ಉಬ್ಬುವುದು. ಬೆಳಗ್ಗೆ ನೋಡಿದರೆ ನೈಋತ್ಯ ಮೂಲೆಯ ಒಂದು ಶೀಟು ತಿರುಚಿ ನಿಂತಿತ್ತು, ನೆತ್ತಿಯ ಮೇಲಿನ ಮುಚ್ಚಳದ ತಗಡು ಪಕ್ಕದ ಮನೆಯ ತೆಂಗಿನ ಬುಡದಲ್ಲಿ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲವಲ್ಲ ಎಂಬುದಷ್ಟೇ ಸಮಾಧಾನ.

ಎರಡನೆಯ ಮಾಡಿನ ಕೆಲಸ ನಡೆದದ್ದು 2024ರ ಜನವರಿಯಲ್ಲಿ. ಮೇಸ್ತ್ರಿ ಕಾಪು ಕಡೆಯವರು, ಅರುವತ್ತರ ಹತ್ತಿರದ ವಯಸ್ಸು. ಚಿಕ್ಕಂದಿನಲ್ಲಿ ತಂದೆಯ ಜೊತೆ ಹೆಂಚಿನ ಮಾಡು ಮಾಡಿದವರು. ಬಂದ ದಿನ ಒಂದು ಗಂಟೆ ತಾರಸಿಯ ಮೇಲೆ ಸುಮ್ಮನೆ ತಿರುಗಾಡಿದರು. ಮನೆಯ ಪಕ್ಕ ಹಾದುಹೋಗುವ ವಿದ್ಯುತ್ ತಂತಿಯನ್ನು ನೋಡಿದರು. ಪಶ್ಚಿಮದ ಮರಗಳು ಯಾವ ಕಡೆಗೆ ವಾಲಿ ಬೆಳೆದಿವೆ ಎಂದು ನೋಡಿದರು. ಬೇಗ ಮುಗಿಯುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ತುಳುವಿನಲ್ಲಿ ಒಂದೇ ಮಾತು: “ಅಂಬರಪು ಬೊಡ್ಚಿ, ಟೀಚರೇ.” ಅವಸರ ಬೇಡ.

ಲೆಕ್ಕ ಹಾಕಿದ್ದು ನನ್ನ ಅಣ್ಣನ ಮಗ, ಸಿವಿಲ್ ಎಂಜಿನಿಯರ್. ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ 140 ಕಿಲೋಮೀಟರ್ ಆಯಿತು. ಸುತ್ತ ಗೋಡೆಯಿಲ್ಲದ ತಾರಸಿಯ ಮಾಡಿಗೆ ಕಷ್ಟ ಎರಡು ಪಾಲು ಎಂದು ಅವನು ಒಂದು ಪೋಸ್ಟ್ ಕಾರ್ಡ್ ಹಿಡಿದು ತೋರಿಸಿದ. ಮೇಲಿನಿಂದ ಹಾಯುವ ಗಾಳಿ ಶೀಟನ್ನು ಹೀರಿ ಎತ್ತುತ್ತದೆ. ಕೆಳಗಿನಿಂದ ನುಗ್ಗುವ ಗಾಳಿ ಅದನ್ನೇ ದೂಡುತ್ತದೆ. ಎರಡೂ ಒಂದೇ ದಿಕ್ಕಿಗೆ, ಆಕಾಶದ ಕಡೆಗೆ. ಸೂರಿನಂಚು, ಮೂಲೆ, ನೆತ್ತಿ ಈ ಮೂರು ಕಡೆ ಎಳೆತ ಎಲ್ಲಕ್ಕಿಂತ ಹೆಚ್ಚು. ನಮ್ಮ ಹಳೆಯ ಮಾಡು ಬಿಟ್ಟುಕೊಟ್ಟದ್ದೂ ಅಲ್ಲಿಯೇ. ಅದಕ್ಕೆ ಕಂಬಗಳ ಅಡಿಯ ಚಪ್ಪಟೆ ತಗಡನ್ನು ಗಾರೆಯ ಮೇಲೆ ಕೂರಿಸುವುದು ಬೇಡವೆಂದ. ಗಾರೆ ಕೆತ್ತಿ ಕಾಂಕ್ರೀಟ್ ಕಾಣಿಸಿ, ಕೆಳಗಿನ ತೊಲೆಗಳು ಹಾದುಹೋಗುವ ಜಾಗದಲ್ಲೇ ಕಂಬ ನಿಲ್ಲಿಸಿ, ಬೋಲ್ಟಿನ ತೂತಿನ ದೂಳನ್ನು ಊದಿ ತೆಗೆದು, ರಾಸಾಯನಿಕ ಅಂಟು ತುಂಬಿ ಬಿಗಿಸಿದರು. ಆಮೇಲೆ ಆ ಬುಡಕ್ಕೆ ನೀರು ಇಳಿಯದಂತೆ ಸುತ್ತ ಸಣ್ಣ ದಿಬ್ಬ.

ಹಳೆಯ ಮಾಡಿನ ಇಳಿಜಾರು ಹತ್ತು ಅಡಿಗೆ ಏಳಿಂಚು ಇತ್ತು. ಮೇಸ್ತ್ರಿ ಅದನ್ನು ಇಪ್ಪತ್ತೊಂದು ಇಂಚಿಗೆ ಏರಿಸಿದರು. ಸುಮಾರು ಹತ್ತು ಡಿಗ್ರಿ. ಅಡ್ಡ ಪೈಪುಗಳ ನಡುವಿನ ಅಂತರ ಆರು ಅಡಿ ಇದ್ದದ್ದು ನಡುವಿನಲ್ಲಿ ನಾಲ್ಕು ಅಡಿಗೆ, ಅಂಚುಗಳಲ್ಲಿ ಮೂರು ಅಡಿಗೆ ಇಳಿಯಿತು. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ. ಉಪ್ಪುಗಾಳಿ ಮೊದಲು ಬಾಯಿ ಹಾಕುವುದೇ ಅಲ್ಲಿಗೆ. ಪ್ರತಿ ಬೆಸುಗೆಯನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಸತು ತುಂಬಿದ ಪ್ರೈಮರ್ ಬಳಿದು, ಅದರ ಮೇಲೆ ಬಣ್ಣ ಕೊಟ್ಟರು. ಪೈಪುಗಳ ತೆರೆದ ಬಾಯಿಗಳನ್ನೆಲ್ಲ ಮುಚ್ಚಿದರು.

ಶೀಟು ಆರಿಸುವಾಗ ನಾನೂ ಅಂಗಡಿಗೆ ಹೋದೆ. ಬಣ್ಣದ ಶೀಟಿನ ಅಂದಕ್ಕಿಂತ ಅದರ ಒಡಲಿನಲ್ಲಿ ಏನಿದೆ ಎಂಬುದು ಮುಖ್ಯ. ಉಕ್ಕಿನ ಮೇಲೆ ಬರಿಯ ಸತುವಿನ ಲೇಪ ಇರುವುದು ಹಳೆಯ ಬಗೆ. ಈಗ ಹೆಚ್ಚು ಬಳಕೆಯಲ್ಲಿರುವ ಲೇಪದಲ್ಲಿ ಶೇಕಡಾ 55 ಅಲ್ಯೂಮಿನಿಯಂ, 43.4 ಸತು, 1.6 ಸಿಲಿಕಾನ್. ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪ ಇರುವುದನ್ನೇ ಕೇಳಬೇಕು. ಕಡಿಮೆ ಲೇಪದ್ದು ಅದೇ ಬಣ್ಣದಲ್ಲಿ, ಅದೇ ಹೊಳಪಿನಲ್ಲಿ ಪಕ್ಕದಲ್ಲೇ ನಿಂತಿರುತ್ತದೆ. ಅರ್ಧ ಮಿಲಿಮೀಟರ್ ಎಂದು ಅಂಗಡಿಯಲ್ಲಿ ಹೇಳಿದರೆ ಅದು ಲೇಪ, ಬಣ್ಣ ಸೇರಿಸಿಯೋ, ಬರಿಯ ಉಕ್ಕಿನದೋ ಎಂದೂ ಕೇಳಬೇಕು. ನಾನು ಜಾಣತನವೆಂದು ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಕೊಳ್ಳಲು ಹೊರಟಿದ್ದೆ. ಮೇಸ್ತ್ರಿ ತಡೆದರು. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ಅಂಟಿ ನಿಂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಸ್ಕ್ರೂ ಉಳಿದು ಅದರ ಸುತ್ತಲಿನ ಶೀಟು ಹೋಗುತ್ತದೆ. ಕಡಲ ತೀರಕ್ಕೆಂದೇ ದಪ್ಪ ಲೇಪ ಕೊಟ್ಟ ಸ್ಕ್ರೂಗಳನ್ನು, ಬಿಸಿಲಿಗೆ ಸೀಳದ ಇಪಿಡಿಎಂ ರಬ್ಬರಿನ ವಾಷರ್ ಇರುವುದನ್ನು ತಂದೆವು. ಇದೇ ಕಾರಣಕ್ಕೆ ಮಾಡಿನ ಮೇಲೆ ತಾಮ್ರದ ತಂತಿ ಹಾಯಿಸಬಾರದು. ಹಸಿ ಸಿಮೆಂಟನ್ನೂ ತಗಲಿಸಬಾರದು, ಅದರ ಕ್ಷಾರ ಲೇಪವನ್ನು ತಿನ್ನುತ್ತದೆ.

ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಮೊದಲ ಶೀಟಿಗೆ ಗುರುತು ಹಾಕಲು ಹುಡುಗನೊಬ್ಬ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದ. ಮೇಸ್ತ್ರಿ ಅದನ್ನು ಮೆತ್ತಗೆ ಕಿತ್ತುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು, ಬದಲಿಗೆ ಮಾರ್ಕರ್ ಪೆನ್ನು ಕೊಟ್ಟರು. ಪೆನ್ಸಿಲಿನ ಸೀಸವೆಂದು ನಾವು ಕರೆಯುವುದು ಗ್ರಾಫೈಟ್. ತೇವ ತಗಲಿದರೆ ಅದೂ ಆ ಲೇಪವನ್ನು ತಿನ್ನುತ್ತದೆಯಂತೆ. ಎಳೆದ ಗೆರೆ ಎಳೆದ ಹಾಗೆಯೇ ಕಪ್ಪಾಗಿ ತುಕ್ಕಿನ ದಾರಿಯಾಗುತ್ತದೆ. ಮೂವತ್ತು ವರ್ಷ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟವಳಿಗೆ ಇದು ಹೊಸ ಪಾಠ.

ಸಿಲಿಕೋನ್ ವಿಷಯವೂ ಹೀಗೆಯೇ. ಹಿಂದೆ ಮೆತ್ತಿ ಹೋದದ್ದು ವಿನೆಗರಿನಂತೆ ಹುಳಿ ವಾಸನೆ ಬರುವ ಬಗೆಯದ್ದು. ಆ ಹುಳಿಯೇ ತಗಡಿಗೆ ಶತ್ರು. ವಾಸನೆಯಿಲ್ಲದ, ನ್ಯೂಟ್ರಲ್ ಎಂದು ಕೊಳವೆಯ ಮೇಲೆ ಬರೆದಿರುವುದೇ ಆಗಬೇಕು. ಅದೂ ಸ್ಕ್ರೂವಿನ ತಲೆಗೆ ಮೆತ್ತುವುದಕ್ಕಲ್ಲ. ಸ್ಕ್ರೂ ಸರಿಯಾಗಿ ಕೂತಿದ್ದರೆ ಅದಕ್ಕೆ ಮೆತ್ತುವ ಅಗತ್ಯವೇ ಇಲ್ಲ.

ಸರಿಯಾಗಿ ಕೂರುವುದೆಂದರೆ ಏನೆಂದು ನಾನು ಮಾಡಿನ ಅಂಚಿಗೆ ತಾಗಿದ ಅಟ್ಟಣಿಗೆಯ ಮೇಲೆ ನಿಂತು, ಎರಡು ಅಡಿ ದೂರದಿಂದ ನೋಡಿದೆ. ಶೀಟಿನ ಉಬ್ಬಿನ ಮೇಲೆ, ಅಡ್ಡ ಪೈಪಿನ ನಡು ಮಧ್ಯಕ್ಕೆ ಮೊನೆ ಇಟ್ಟರು. ತಗ್ಗಿನಲ್ಲಿ ನೀರು ಹರಿಯುತ್ತದೆ, ಉಬ್ಬಿನಲ್ಲಿ ನಿಲ್ಲುವುದಿಲ್ಲ. ಇಷ್ಟು ಮಳೆಯ ಊರಿಗೆ ಉಬ್ಬೇ ಸರಿ ಎಂಬುದು ಅವರ ಮತ. ಎಡಗೈಯಿಂದ ಶೀಟನ್ನು ಅದುಮಿ, ಯಂತ್ರವನ್ನು ಶೀಟಿಗೆ ನೇರ ಲಂಬವಾಗಿ ಹಿಡಿದರು. ಮೊದಲು ತಗಡು ಕೊರೆಯುವ ಚಿರುಗುಟ್ಟುವಿಕೆ, ಆಮೇಲೆ ಪೈಪಿನ ಉಕ್ಕು ಸಿಕ್ಕಾಗ ಸದ್ದು ದಪ್ಪವಾಯಿತು, ಆಮೇಲೆ ಹಿಡಿತ. ಕೊನೆಯ ಅರ್ಧ ಸುತ್ತು ನಿಧಾನ. ವಾಷರಿನ ರಬ್ಬರ್ ಲೋಹದ ಬಿಲ್ಲೆಯ ಅಂಚಿನ ಹೊರಗೆ ಕೂದಲೆಳೆಯಷ್ಟು, ಸುತ್ತಲೂ ಸಮನಾಗಿ ಉಬ್ಬಿ ಕಾಣಿಸಿದೊಡನೆ ಬೆರಳು ಸಡಿಲಿಸಿದರು. ಇನ್ನೂ ಒಂದು ಸುತ್ತು ಕೊಟ್ಟರೆ ರಬ್ಬರ್ ಹಿಸುಕಿಹೋಗಿ ಉಬ್ಬು ತಗ್ಗುತ್ತದೆ, ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಒಂದು ಸುತ್ತು ಕಡಿಮೆಯಾದರೆ ಗಾಳಿಯ ಮಳೆ ಒಳನುಗ್ಗುತ್ತದೆ. ಸೂರು, ನೆತ್ತಿ, ಬದಿಗಳಲ್ಲಿ ಪ್ರತಿ ಉಬ್ಬಿಗೂ ಒಂದು, ನಡುವಿನಲ್ಲಿ ಉಬ್ಬು ಬಿಟ್ಟು ಉಬ್ಬಿಗೆ. ಹಾಗೆ ಸಾವಿರಕ್ಕೂ ಹೆಚ್ಚು ಸ್ಕ್ರೂ. ಮೈಯೆಲ್ಲ ಬಿಗಿಹಿಡಿದು ಒಂದು ಕೈಯಿಂದ ಪೈಪು ಹಿಡಿದುಕೊಂಡು ನಿಂತವನಿಂದ ಇದು ಆಗುವ ಕೆಲಸವಲ್ಲ. ಎರಡೂ ಕೈ ಬಿಡುವಾಗಿರಬೇಕು, ಮನಸ್ಸು ಬೀಳುವ ಭಯದಿಂದ ಬಿಡುಗಡೆ ಪಡೆದಿರಬೇಕು. ಮೊದಲ ಮಾಡು ಸೋರಿದ್ದು ಯಾಕೆಂದು ನನಗೆ ಅರ್ಥವಾದದ್ದು ಆ ಅಟ್ಟಣಿಗೆಯ ಮೇಲೆ.

ಅವರ ಮೂವರು ಹುಡುಗರಿಗೂ ಮೈ ಪೂರ್ತಿ ಹಿಡಿಯುವ ಬೆಲ್ಟ್ ಇತ್ತು, ಐಎಸ್ 3521 ಗುರುತಿನದು. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯನ್ನು ಅವರು ಹತ್ತಿರ ಸೇರಿಸುವುದಿಲ್ಲ. ಬಿದ್ದಾಗ ಅದು ಬೆನ್ನು, ಹೊಟ್ಟೆಯನ್ನೇ ಮುರಿಯುತ್ತದೆ. ನನಗೆ ತಿಳಿಯದೆ ಇದ್ದದ್ದು ಹಗ್ಗದ ಉದ್ದದ ಗುಟ್ಟು. ಮಾಡಿನಿಂದ ತಾರಸಿಗೆ ಎಂಟು ಅಡಿ, ಅಂಗಳಕ್ಕೆ ಹತ್ತೊಂಬತ್ತು. ಆರು ಅಡಿಯ ಹಗ್ಗ ಕಟ್ಟಿಕೊಂಡು ಎಂಟು ಅಡಿ ಬೀಳುವವನಿಗೆ, ಹಗ್ಗ ಎಳೆದು ಹಿಡಿಯುವಷ್ಟರಲ್ಲಿ ನೆಲವೇ ಸಿಕ್ಕಿರುತ್ತದೆ. ಆದ್ದರಿಂದ ಬಿದ್ದ ಮೇಲೆ ಹಿಡಿಯುವ ಹಗ್ಗವನ್ನು ಅವರು ನಂಬಲಿಲ್ಲ. ಅಂಚಿನವರೆಗೆ ಹೋಗಗೊಡದ ಹಗ್ಗ ಕಟ್ಟಿದರು. ನೆತ್ತಿಯ ಎರಡು ತುದಿಗಳಲ್ಲಿ ಚೌಕಟ್ಟಿಗೇ ಬೆಸೆದ ಉಕ್ಕಿನ ಕೊಂಡಿಗಳು, ನನ್ನ ಅಣ್ಣನ ಮಗ ಲೆಕ್ಕ ಹಾಕಿ ಕೊಟ್ಟವು. ಅಲ್ಲಿಂದ ಬಂದ ಹಗ್ಗ ಸೂರಿಗೆ ಎರಡು ಅಡಿ ಇರುವಾಗಲೇ ಮುಗಿಯುತ್ತದೆ, ಮುಂದೆ ಹೋಗಲು ಬಿಡುವುದಿಲ್ಲ. ಸೂರಂಚಿನ ಸ್ಕ್ರೂಗಳನ್ನು ಅಟ್ಟಣಿಗೆಯ ಮೇಲೆ ನಿಂತು ಹೊರಗಿನಿಂದಲೇ ಹೊಡೆದರು.

ದಿನದ ಗತಿಯೂ ಬೇರೆಯಾಗಿತ್ತು. ಜನವರಿಯ ಬೆಳಗ್ಗೆ ಶೀಟಿನ ಮೇಲೆ ಇಬ್ಬನಿ ಕೂತಿರುತ್ತದೆ. ಒಂಬತ್ತರವರೆಗೆ ಯಾರೂ ಹತ್ತುತ್ತಿರಲಿಲ್ಲ, ಕೆಳಗಿನ ಕೆಲಸ ಮಾಡುತ್ತಿದ್ದರು. ಶೀಟು ಮೇಲೇರಿಸುವುದೆಲ್ಲ ಒಂಬತ್ತರಿಂದ ಹನ್ನೊಂದೂವರೆಯ ಒಳಗೆ, ಕಡಲ ಗಾಳಿ ಏಳುವ ಮೊದಲು. ಇಪ್ಪತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಶೀಟು ಕೈಯಲ್ಲಿದ್ದಾಗ ಗಾಳಿ ಬೀಸಿದರೆ ಅದು ದೋಣಿಯ ಹಾಯಿ, ಹಿಡಿದವನನ್ನೂ ಎಳೆದುಕೊಂಡು ಹೋಗುತ್ತದೆ. ಮಲ್ಪೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ ಮಾಡಿನ ಕೆಲಸಕ್ಕೆ ವಿರಾಮ. ವಿದ್ಯುತ್ ತಂತಿಯ ಬದಿಯ ಶೀಟುಗಳನ್ನು ಹಾಕುವ ಬೆಳಗ್ಗೆ ಮೆಸ್ಕಾಂ ಕಚೇರಿಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿದೆವು. ಏಣಿಯ ಬುಡ ಗೋಡೆಯಿಂದ ಎತ್ತರದ ಕಾಲು ಭಾಗದಷ್ಟು ದೂರ, ತುದಿ ಮಾಡಿನಂಚಿಗಿಂತ ಮೂರು ಅಡಿ ಮೇಲೆ, ತುದಿಗೆ ಕಟ್ಟು. ನಡೆಯುವುದಾದರೆ ಸ್ಕ್ರೂವಿನ ಸಾಲಿನ ಮೇಲೆಯೇ ಕಾಲು, ಅಡಿಯಲ್ಲಿ ಪೈಪು ಇರುವ ಕಡೆ. ಒಗೆಯುವ ಕಲ್ಲಿನ ಮೇಲಿನ ಹೊಸ ಫೈಬರ್ ಶೀಟಿಗೆ ನಾನೇ ನಿಂತು ಅಡ್ಡ ಹಲಗೆ ಕಟ್ಟಿಸಿದೆ, ಕೆಂಪು ಬಣ್ಣ ಬಳಿಸಿದೆ.

ನಮ್ಮ ಮಾಡಿನ ನೆತ್ತಿ ಪೂರ್ವ ಪಶ್ಚಿಮವಾಗಿದೆ. ಮೊದಲ ಶೀಟನ್ನು ಪೂರ್ವದ ತುದಿಯಲ್ಲಿ ಹಾಕಿದರು. ಅದರ ಮೇಲೆ ಹೊದಿಯುತ್ತ ಹೊದಿಯುತ್ತ ಪಶ್ಚಿಮಕ್ಕೆ ಬಂದರು. ಹೀಗೆ ಹಾಕಿದರೆ ಪ್ರತಿ ಜೋಡಣೆಯ ತೆರೆದ ಅಂಚು ಪೂರ್ವಕ್ಕೆ ಮುಖ ಮಾಡುತ್ತದೆ. ಮುಂಗಾರಿನ ಗಾಳಿ ಅದರ ಬೆನ್ನ ಮೇಲೆ ಹಾದುಹೋಗುತ್ತದೆ, ಬಾಯೊಳಗೆ ನುಗ್ಗುವುದಿಲ್ಲ. ಹಳೆಯ ಮಾಡನ್ನು ಏಣಿ ಇಟ್ಟ ಪಶ್ಚಿಮದ ಕಡೆಯಿಂದ ಆರಂಭಿಸಿದ್ದರು, ಅದು ಅನುಕೂಲವೆಂದು. ನೆತ್ತಿಯಲ್ಲಿ ಶೀಟಿನ ಮೇಲ್ತುದಿಯ ತಗ್ಗುಗಳನ್ನು ಇಕ್ಕಳದಿಂದ ಸ್ವಲ್ಪ ಮೇಲಕ್ಕೆ ಮಡಿಸಿದರು. ಮುಚ್ಚಳದ ಅಡಿಗೆ ಗಾಳಿ ತಳ್ಳಿಕೊಂಡು ಬಂದ ನೀರು ಆ ಸಣ್ಣ ಮಡಿಕೆಗೆ ತಾಗಿ ಹಿಂದಿರುಗುತ್ತದೆ.

ಕತ್ತರಿಸುವುದಕ್ಕೆ ಕಿಡಿ ಹಾರಿಸುವ ಗ್ರೈಂಡರ್ ಮುಟ್ಟಲಿಲ್ಲ, ತಗಡಿನ ಕತ್ತರಿಯೇ. ಕಿಡಿ ಲೇಪವನ್ನು ಸುಡುತ್ತದೆ, ಬಿದ್ದಲ್ಲೆಲ್ಲ ತುಕ್ಕಿನ ಬೀಜ ಬಿತ್ತುತ್ತದೆ. ಪ್ರತಿ ಸಂಜೆ ಇಳಿಯುವ ಮೊದಲು ಕಿರಿಯ ಹುಡುಗ ಮೆತ್ತಗಿನ ಪೊರಕೆಯಿಂದ ಇಡೀ ಮಾಡನ್ನು ಗುಡಿಸುತ್ತಿದ್ದ. ಕೊರೆದಾಗ ಉದುರಿದ ಉಕ್ಕಿನ ಸುರುಳಿಗಳು ಇಬ್ಬನಿಗೆ ಒಂದೇ ರಾತ್ರಿಯಲ್ಲಿ ಕೆಂಪಾಗಿ ಬಣ್ಣದೊಳಗೆ ಇಳಿಯುತ್ತವೆ. ಹುಡುಗ ಗುಡಿಸಿದ್ದನ್ನು ಮೊರದಲ್ಲಿ ತಂದು ತೋರಿಸಿದ: ಒಂದು ಹಿಡಿ, ಅವಲಕ್ಕಿಯಷ್ಟು ಹಗುರ, ಬೆರಳಿಗೆ ಚುಚ್ಚುವಷ್ಟು ಹರಿತ.

ದಂಬೆಯ, ಅಂದರೆ ಸೂರಂಚಿನಲ್ಲಿ ನೀರು ಹಿಡಿಯುವ ಕಾಲುವೆಯ, ಲೆಕ್ಕ ಸುಲಭ. ನಮ್ಮ ಮಾಡು ನೂರು ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ಗಂಟೆಗೆ ಅರುವತ್ತು ಮಿಲಿಮೀಟರಿನ ಜಡಿಮಳೆ ಹಿಡಿದರೆ ನಿಮಿಷಕ್ಕೆ ನೂರು ಲೀಟರ್, ಹತ್ತು ಕೊಡ ನೀರು ನಿಮಿಷ ನಿಮಿಷಕ್ಕೂ. ನಾಲ್ಕಿಂಚಿನ ಒಂದೇ ಇಳಿಪೈಪು ಸಾಲದೆಂದು ನಾಲ್ಕು ಮೂಲೆಗೂ ಒಂದೊಂದು ಕೊಟ್ಟೆವು. ಎರಡರ ನೀರು ಜಲ್ಲಿ ಮರಳಿನ ತೊಟ್ಟಿ ದಾಟಿ ಬಾವಿಗೆ ಹೋಗುತ್ತದೆ.

ಎಲ್ಲ ಸೇರಿ ಹದಿನಾರು ದಿನ. ಹಳೆಯದು ಐದು ದಿನದಲ್ಲಿ ಮುಗಿದಿತ್ತು. ಖರ್ಚೂ ಹೆಚ್ಚೇ ಬಂತು. ಲೆಕ್ಕದ ಚೀಟಿಯಲ್ಲಿ ಅಟ್ಟಣಿಗೆಯ ಬಾಡಿಗೆ, ಬೆಲ್ಟು, ಹಗ್ಗ, ಬೂಟು ಇವುಗಳನ್ನು ಮೇಸ್ತ್ರಿ ಬೇರೆ ಸಾಲಾಗಿ ಬರೆದುಕೊಟ್ಟಿದ್ದರು. ಹೆಚ್ಚಿನ ಮನೆಗಳಲ್ಲಿ ಮೊದಲು ಚೌಕಾಸಿ ನಡೆಯುವುದೇ ಆ ಸಾಲಿನ ಮೇಲೆ ಎಂದು ಅವರು ಹೇಳಿದರು. ಕೆಲಸ ಉಳಿಸಿಕೊಳ್ಳಲು ಗುತ್ತಿಗೆದಾರರು ಅದನ್ನೇ ಹೊಡೆದು ಹಾಕುತ್ತಾರೆ. ಶೀಟಿನ ದರದಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಆ ಸಾಲನ್ನು ಮುಟ್ಟಬೇಡಿ ಎಂದು ಓದುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಗುತ್ತಿಗೆದಾರರು ಅದನ್ನು ಬರೆಯದಿದ್ದರೆ ನೀವೇ ಬರೆಸಿ.

ಆ ವರ್ಷದ ಆಟಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಗಾಳಿಯ ಸದ್ದಿಗೆ ಎಚ್ಚರವಾಯಿತು. ಛತ್ರಿ ಹಿಡಿದು ತಾರಸಿಗೆ ಹೋದೆ. ತೆಂಗಿನ ಮರಗಳು ಬಾಗಿ ಬಾಗಿ ಏಳುತ್ತಿದ್ದವು. ಟಾರ್ಚು ಹಾಕಿ ಶೀಟಿನ ಅಡಿಯ ಮೈಯನ್ನು ಉದ್ದಕ್ಕೂ ನೋಡಿದೆ. ಒಂದು ಹನಿ ಇರಲಿಲ್ಲ. ಮಳೆಯ ಸದ್ದು ಕಿವಿಗಡಚಿಕ್ಕುವಷ್ಟಿತ್ತು, ಆದರೆ ಆ ಸದ್ದಿನ ಒಳಗೆ ಲೋಹ ಲೋಹಕ್ಕೆ ಬಡಿಯುವ ಸದ್ದು ಇರಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಮಳೆಗಾಲ ಮುಗಿದ ಮೇಲೆ ವರ್ಷಕ್ಕೆ ಎರಡು ಸಲ ಸೂರಿನ ಒಳಮೈಗೆ ಪೈಪಿನಿಂದ ಸಿಹಿನೀರು ಹಾಯಿಸುತ್ತೇವೆ. ಮಾಡಿನ ಮೇಲ್ಭಾಗದ ಉಪ್ಪನ್ನು ಮಳೆ ತೊಳೆಯುತ್ತದೆ, ಕೆಳಭಾಗಕ್ಕೆ ಮಳೆ ತಾಗುವುದಿಲ್ಲ. ತುಕ್ಕು ಹೆಚ್ಚಾಗಿ ಅಡಿಯಿಂದಲೇ ಬರುತ್ತದೆ.

ಕೆಲಸದ ಕೊನೆಯ ದಿನ ನೆತ್ತಿಯ ಆ ಎರಡು ಕೊಂಡಿಗಳನ್ನು ಕತ್ತರಿಸುವುದಿಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದ್ದೆ. “ಇರಲಿ, ಟೀಚರೇ. ಇನ್ನು ಮುಂದೆಯೂ ಯಾರಾದರೂ ಹತ್ತಲೇಬೇಕಲ್ಲ,” ಎಂದು ಅವುಗಳಿಗೆ ಇನ್ನೊಂದು ಕೈ ಬಣ್ಣ ಬಳಿದರು. ನಾನು ಒಂದು ಬೆಲ್ಟು, ಹಗ್ಗ ಕೊಂಡು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಹೋದ ತಿಂಗಳು ಇಂಟರ್‌ನೆಟ್ ತಂತಿ ಎಳೆಯುವ ಹುಡುಗ ಬಂದ, ಚಪ್ಪಲಿಯಲ್ಲೇ ಏಣಿಗೆ ಕಾಲಿಟ್ಟ. ನಿಲ್ಲು ಮಗಾ ಎಂದು ಕರೆದು ಬೆಲ್ಟು ತಂದು ಕೊಟ್ಟೆ. ಐದು ನಿಮಿಷದ ಕೆಲಸವಷ್ಟೇ ಅಮ್ಮಾ ಎಂದ. ನಾನು ಏಣಿ ಬಿಡಲಿಲ್ಲ. ಕೊನೆಗೆ ತೋಳು ತೂರಿಸಿದ, ತೊಡೆಯ ಪಟ್ಟಿಗಳನ್ನು ನಾನೇ ಎಳೆದು ನೋಡಿದೆ. ಅವನು ಮೇಲೆ ಹೋಗಿ ಕೊಂಡಿಗೆ ಕೊಕ್ಕೆ ಸಿಕ್ಕಿಸಿದ ಸದ್ದು ಕೆಳಗೆ ಅಂಗಳದವರೆಗೂ ಕೇಳಿಸಿತು.